ಪ್ರಮಾಣಕ್ಕೂ ಗಾಯಾಳುವಿಗೂ ನಡುವೆ: ರಷ್ಯನ್ ಸಾಮ್ರಾಜ್ಯದ ಸೇನೆಯಲ್ಲಿ ಆರ್ಥೊಡಾಕ್ಸ್ ಪಾದ್ರಿಗಳ ಪ್ರಕರಣ

1918ರ ಜನವರಿ 16ರಂದು ಸೋವಿಯತ್ ಸರ್ಕಾರದ ಸೇನಾ ವ್ಯವಹಾರಗಳ ಕಮಿಸಾರಿಯೆಟ್ 39ನೆಯ ಸಂಖ್ಯೆಯ ಆದೇಶವನ್ನು ಹೊರಡಿಸಿ, ಸೇನೆಯ ಸೇವೆಯಲ್ಲಿದ್ದ ಎಲ್ಲ ಮತಗಳ ಧರ್ಮಗುರುಗಳನ್ನು ಕೆಲಸದಿಂದ ಬಿಡುಗಡೆ ಮಾಡಿತು. ಅವರ ಆಡಳಿತ ಕಚೇರಿಯನ್ನೂ ರದ್ದುಪಡಿಸಿತು. ಹೀಗೆ ರದ್ದಾದದ್ದು ಸಣ್ಣ ವ್ಯವಸ್ಥೆಯೇನಲ್ಲ. ಮೊದಲನೆಯ ಮಹಾಯುದ್ಧದ ಅವಧಿಯಲ್ಲಿ ಐದು ಸಾವಿರಕ್ಕೂ ಹೆಚ್ಚು ಆರ್ಥೊಡಾಕ್ಸ್ ಪಾದ್ರಿಗಳು ಅದರ ಅಡಿಯಲ್ಲಿ ದುಡಿದಿದ್ದರು, ಅದಕ್ಕೆ ತನ್ನದೇ ಆದ ಇಗರ್ಜಿಗಳು, ಪತ್ರಿಕೆ, ಬಡ್ತಿಯ ಕ್ರಮ ಮತ್ತು ಚಕ್ರವರ್ತಿಯನ್ನು ನೇರವಾಗಿ ಕಾಣಬಲ್ಲ ಒಬ್ಬ ಮುಖ್ಯಸ್ಥನಿದ್ದನು. ಇಷ್ಟು ಗಟ್ಟಿಯಾಗಿ ಕಾಣುತ್ತಿದ್ದ ವ್ಯವಸ್ಥೆ, ಚಕ್ರವರ್ತಿ ಪದತ್ಯಾಗ ಮಾಡಿದ ಹನ್ನೊಂದು ತಿಂಗಳೊಳಗೆ, ಸೈನಿಕರಿಂದ ಹೇಳಿಕೊಳ್ಳುವಂಥ ವಿರೋಧವೇ ಬಾರದೆ ಕುಸಿದುಬಿದ್ದದ್ದು ಏಕೆ ಎಂಬುದೇ ಈ ಅಧ್ಯಯನದ ಪ್ರಶ್ನೆ.

ಬೋಲ್ಶೆವಿಕರ ನಾಸ್ತಿಕವಾದವೇ ಇದಕ್ಕೆ ಕಾರಣ ಎಂದು ಹೇಳಿ ಮುಗಿಸುವುದು ಸುಲಭ. ಆ ಉತ್ತರ ಸುಳ್ಳಲ್ಲ, ಆದರೆ ಸಾಲದು. ಆದೇಶ ಹೊರಡುವ ಹೊತ್ತಿಗಾಗಲೇ ಸೈನಿಕರಲ್ಲಿ ಬಹುಪಾಲು ಜನ ಪಾದ್ರಿಯ ಬಳಿಗೆ ಬರುವುದನ್ನು ನಿಲ್ಲಿಸಿದ್ದರು. ಎರಡು ಶತಮಾನಗಳ ಕಾಲ ಸೇನಾ ಪಾದ್ರಿಯ ಹೆಗಲ ಮೇಲೆ ಎರಡು ಬಗೆಯ ಹೊಣೆಗಳನ್ನು ಒಟ್ಟಿಗೆ ಹೇರಲಾಗಿತ್ತು: ಒಂದು, ಸೈನಿಕನಿಂದ ದೊರೆಯ ಹೆಸರಿನಲ್ಲಿ ಪ್ರಮಾಣ ಮಾಡಿಸಿ ಆ ಪ್ರಮಾಣಕ್ಕೆ ದೇವರ ಸಾಕ್ಷಿಯನ್ನು ಒದಗಿಸುವುದು, ಇನ್ನೊಂದು, ಗಾಯಗೊಂಡವನ, ಸಾಯುತ್ತಿರುವವನ, ಸತ್ತವನ ಮನೆಯವರ ಪಕ್ಕದಲ್ಲಿ ನಿಲ್ಲುವುದು. ಮೊದಲನೆಯದು ಎರಡನೆಯದನ್ನು ಹೇಗೆ ನುಂಗಿತು ಎಂಬುದನ್ನು ದಾಖಲೆಗಳ ಆಧಾರದಿಂದ ತೋರಿಸುವುದು ನನ್ನ ಉದ್ದೇಶ. ಇಲ್ಲಿ ಬರುವ 1918ಕ್ಕೆ ಮುಂಚಿನ ರಷ್ಯಾದ ತಾರೀಖುಗಳೆಲ್ಲ ಅಂದು ಅಲ್ಲಿ ಬಳಕೆಯಲ್ಲಿದ್ದ ಜೂಲಿಯನ್ ಪಂಚಾಂಗದವು. ಇಪ್ಪತ್ತನೆಯ ಶತಮಾನದಲ್ಲಿ ಅದು ನಮ್ಮ ಈಗಿನ ಪಂಚಾಂಗಕ್ಕಿಂತ 13 ದಿನ ಹಿಂದಿತ್ತು.

ಪೀಟರ್ ದೊರೆ ಹಾಕಿದ ತಳಪಾಯ

ರಷ್ಯಾದ ಪಡೆಗಳ ಜೊತೆಗೆ ಪಾದ್ರಿಗಳು ಹೋಗುತ್ತಿದ್ದದ್ದು ಬಹಳ ಹಳೆಯ ರೂಢಿ. ಆದರೆ ಅದನ್ನು ಕಾಯಂ ಹುದ್ದೆಯಾಗಿ ಬರೆದಿಟ್ಟವನು ಮೊದಲನೆಯ ಪೀಟರ್. 1716ರ ಸೇನಾ ಶಾಸನ ಪ್ರತಿ ರೆಜಿಮೆಂಟಿಗೆ ಒಬ್ಬ ಪಾದ್ರಿಯನ್ನೂ, ಯುದ್ಧಕಾಲದಲ್ಲಿ ಅವರೆಲ್ಲರ ಮೇಲ್ವಿಚಾರಣೆಗೆ ಸೇನಾಪತಿಯ ಬಳಿ ಒಬ್ಬ ಮುಖ್ಯ ಪಾದ್ರಿಯನ್ನೂ ಗೊತ್ತುಮಾಡಿತು. 1720ರ ನೌಕಾ ಶಾಸನ ಹಡಗುಗಳಿಗೂ ಇಂಥದೇ ಏರ್ಪಾಡು ಮಾಡಿತು; ಹೆಂಡತಿ ಮಕ್ಕಳಿರುವ ಪಾದ್ರಿಗಳಿಗೆ ವರ್ಷಗಟ್ಟಲೆ ಸಮುದ್ರದ ಮೇಲಿರುವುದು ಕಷ್ಟವಾದ್ದರಿಂದ, ಹಡಗುಗಳಿಗೆ ಮಠಗಳಿಂದ ಸನ್ಯಾಸಿ ಯಾಜಕರನ್ನು ಕರೆತರುವುದು ವಾಡಿಕೆಯಾಯಿತು. ಪೂಜೆ ನಡೆಸುವುದು, ರೋಗಿಗಳನ್ನು ಕಂಡು ಸಮಾಧಾನ ಹೇಳುವುದು, ಪಾಪನಿವೇದನೆ ಕೇಳಿ ಪರಮಪ್ರಸಾದ ಕೊಡುವುದು, ಸತ್ತವರಿಗೆ ಅಂತ್ಯಕ್ರಿಯೆ ಮಾಡುವುದು, ಇವು ಪಾದ್ರಿಯ ಕರ್ತವ್ಯಗಳು.

ಇವುಗಳ ಜೊತೆಯಲ್ಲೇ ಪ್ರಮಾಣವೂ ಇತ್ತು. ಹೊಸದಾಗಿ ಸೇರಿದ ಸೈನಿಕ ಶಿಲುಬೆ ಮತ್ತು ಶುಭಸಂದೇಶ ಗ್ರಂಥದ ಎದುರು ನಿಂತು, ಪಾದ್ರಿ ಓದಿದ ಮಾತುಗಳನ್ನು ಹೇಳಿ, ಎರಡಕ್ಕೂ ಮುತ್ತಿಟ್ಟು ದೊರೆಗೆ ನಿಷ್ಠೆಯನ್ನು ಘೋಷಿಸಬೇಕಿತ್ತು. ಆ ಕ್ಷಣದಿಂದ ಕರ್ತವ್ಯ ಬಿಟ್ಟು ಓಡುವುದು ಶಿಕ್ಷಾರ್ಹ ಅಪರಾಧವಷ್ಟೇ ಆಗಿರದೆ ಪಾಪವೂ ಆಗುತ್ತಿತ್ತು. ಅನ್ಯಮತೀಯ ಸೈನಿಕರಿಗೆ ಅವರವರ ಧರ್ಮಗುರುಗಳು ಪ್ರಮಾಣ ಮಾಡಿಸುತ್ತಿದ್ದರು. ಮುಸ್ಲಿಮರಿಗೆ ಮುಲ್ಲಾಗಳು, ಪೋಲಿಷರಿಗೆ ಕ್ಯಾಥೊಲಿಕ್ ಗುರುಗಳು, ಬಾಲ್ಟಿಕ್ ತೀರದವರಿಗೆ ಲುಥೆರನ್ ಪಾಸ್ಟರುಗಳು.

ಪೀಟರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಚರ್ಚಿನ ಆಡಳಿತವನ್ನು ಕುಲಪತಿಯ, ಎಂದರೆ ರಷ್ಯನ್ ಚರ್ಚಿನ ಪರಮೋಚ್ಚ ಗುರುವಾದ ಪೇಟ್ರಿಯಾರ್ಕನ, ಕೈಯಿಂದ ತೆಗೆದು 1721ರಲ್ಲಿ ಸಿನೋಡ್ ಎಂಬ ಮಂಡಲಿಗೆ ಒಪ್ಪಿಸಿದ ಬಳಿಕ, ಮರುವರ್ಷ ಅದರ ನಿಯಮಾವಳಿಗೆ ಸೇರಿಸಿದ ಭಾಗದಲ್ಲಿ, ದೊರೆಯ ವಿರುದ್ಧ ಸಂಚು ಹೂಡಿರುವುದಾಗಿ ಯಾರಾದರೂ ಪಾಪನಿವೇದನೆಯಲ್ಲಿ ಹೇಳಿ ಪಶ್ಚಾತ್ತಾಪ ಪಡದಿದ್ದರೆ ಪಾದ್ರಿ ಅದನ್ನು ಅಧಿಕಾರಿಗಳಿಗೆ ತಿಳಿಸತಕ್ಕದ್ದು ಎಂದು ವಿಧಿಸಲಾಯಿತು. ಈ ವಿಧಿಯನ್ನು ಎಷ್ಟು ಬಾರಿ ಬಳಸಿದರು ಎಂಬುದಕ್ಕಿಂತ ಅದು ಇತ್ತು ಎಂಬುದೇ ಮುಖ್ಯ. ಪಾಪನಿವೇದನೆಯ ಗುಟ್ಟು ಕಾಯುವುದು ಪಾದ್ರಿಯ ಮೇಲಿನ ನಂಬಿಕೆಯ ಬೇರು. ಆ ಬೇರಿಗೇ ಸರ್ಕಾರ ಕೈಹಾಕಿತ್ತು ಎಂಬ ಅರಿವು ಸೈನ್ಯದಂಥ ಜಾಗದಲ್ಲಿ, ಮೇಲಧಿಕಾರಿಯ ಗುಡಾರದ ಪಕ್ಕದಲ್ಲೇ ಪಾದ್ರಿಯ ಗುಡಾರವೂ ಇರುವ ಜಾಗದಲ್ಲಿ, ಏನು ಪರಿಣಾಮ ಮಾಡುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

ಬಿಷಪ್ಪರಿಂದ ಬಿಡುಗಡೆ

ಮೊದಲ ಎಂಬತ್ತು ವರ್ಷ ರೆಜಿಮೆಂಟಿನ ಪಾದ್ರಿ ಶಾಂತಿಕಾಲದಲ್ಲಿ ಸ್ಥಳೀಯ ಬಿಷಪ್ಪರ ಅಧೀನ, ಯುದ್ಧಕಾಲದಲ್ಲಿ ಸೇನೆಯ ಮುಖ್ಯ ಪಾದ್ರಿಯ ಅಧೀನ. ರೆಜಿಮೆಂಟ್ ಒಂದು ಧರ್ಮಪ್ರಾಂತ್ಯದಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಅವನ ಮೇಲಿನವರು ಬದಲಾಗುತ್ತಿದ್ದರು. 1800ರ ಏಪ್ರಿಲ್ 4ರಂದು ಒಂದನೆಯ ಪಾವೆಲ್ ಚಕ್ರವರ್ತಿ ಈ ಗೊಂದಲವನ್ನು ಒಂದೇ ಏಟಿಗೆ ಕತ್ತರಿಸಿ, ಭೂಸೇನೆ ಮತ್ತು ನೌಕಾಸೇನೆಯ ಎಲ್ಲ ಪಾದ್ರಿಗಳನ್ನೂ, ಯುದ್ಧವಿರಲಿ ಇಲ್ಲದಿರಲಿ, ಪಾವೆಲ್ ಓಜೆರೆತ್ಸ್ಕೋವ್ಸ್ಕಿ ಎಂಬ ಮುಖ್ಯ ಪಾದ್ರಿಯ ಕೈಕೆಳಗೆ ತಂದನು. ಅವನನ್ನು ಸಿನೋಡಿನ ಸದಸ್ಯನನ್ನಾಗಿಯೂ ಮಾಡಲಾಯಿತು. ಸೇನಾ ಪಾದ್ರಿಗಳ ಮಕ್ಕಳನ್ನು ಅದೇ ವೃತ್ತಿಗೆ ತರಬೇತು ಮಾಡಲು ಅದೇ ವರ್ಷ ಪೀಟರ್ಸ್‌ಬರ್ಗಿನಲ್ಲಿ ಸೇನಾ ಸೆಮಿನರಿಯೂ ಆರಂಭವಾಯಿತು. ಅದು 1819ರವರೆಗೆ ನಡೆಯಿತು.

ಈ ಬದಲಾವಣೆ ಎಷ್ಟು ಸೂಕ್ಷ್ಮವಾದದ್ದೆಂದು ತಿಳಿಯಬೇಕಾದರೆ ಆರ್ಥೊಡಾಕ್ಸ್ ಸಭೆಯ ಒಂದು ಕಟ್ಟಳೆಯನ್ನು ನೆನಪಿಡಬೇಕು. ಅಲ್ಲಿ ಸಾಮಾನ್ಯ ಪಾದ್ರಿಗಳು ಗೃಹಸ್ಥರು, ಬಿಷಪ್ಪರಾದರೋ ಸನ್ಯಾಸಿಗಳೇ ಆಗಿರಬೇಕು. ಗುರುದೀಕ್ಷೆ ಕೊಡುವ ಅಧಿಕಾರ ಬಿಷಪ್ಪರಿಗಷ್ಟೇ ಉಂಟು. ಸೇನೆಯ ಮುಖ್ಯ ಪಾದ್ರಿಯೋ ಗೃಹಸ್ಥ ವರ್ಗದವನು. ಅವನು ಪಾದ್ರಿಗಳನ್ನು ನೇಮಿಸಬಲ್ಲ, ವರ್ಗ ಮಾಡಬಲ್ಲ, ತೆಗೆಯಬಲ್ಲ, ಆದರೆ ಒಬ್ಬನಿಗೂ ದೀಕ್ಷೆ ಕೊಡಲಾರ. ಗೃಹಸ್ಥ ಪಾದ್ರಿಯೊಬ್ಬನು ಬಿಷಪ್ಪರಿಗೆ ಸಮನಾಗಿ ದೇಶದುದ್ದಕ್ಕೂ ಆಡಳಿತ ನಡೆಸುವುದನ್ನು ಬಿಷಪ್ಪರು ಮನಸಾರೆ ಒಪ್ಪಿಕೊಳ್ಳಲೇ ಇಲ್ಲ, ಓಜೆರೆತ್ಸ್ಕೋವ್ಸ್ಕಿಗೂ ಸಿನೋಡಿಗೂ ಜಗಳ ತಪ್ಪಲಿಲ್ಲ. ಚಕ್ರವರ್ತಿಯ ಕೃಪೆಯೇ ಈ ಹುದ್ದೆಗೆ ಆಸರೆಯಾಯಿತು. ಹೀಗೆ ಸೇನಾ ಪಾದ್ರಿವರ್ಗ ಬಿಷಪ್ಪರ ಹಿಡಿತದಿಂದ ಬಿಡಿಸಿಕೊಂಡಷ್ಟೂ ಸಿಂಹಾಸನಕ್ಕೆ ಹತ್ತಿರವಾಗುತ್ತ ಹೋಯಿತು. ಆಗ ಇದು ಲಾಭವೆಂದೇ ತೋರಿರಬೇಕು.

ನೆಪೋಲಿಯನ್ ವಿರುದ್ಧದ ಯುದ್ಧ ಈ ಹೊಸ ವ್ಯವಸ್ಥೆಗೆ ಕೀರ್ತಿಯನ್ನೂ ತಂದಿತು. 19ನೆಯ ಯೇಗರ್ (ಹಗುರ ಪದಾತಿ) ರೆಜಿಮೆಂಟಿನ ಪಾದ್ರಿ ವಸೀಲಿ ವಸಿಲ್ಕೋವ್ಸ್ಕಿ 1812ರಲ್ಲಿ ವಿತೆಬ್ಸ್ಕ್ ಮತ್ತು ಮಾಲೊಯರೊಸ್ಲಾವೆತ್ಸ್ ಕದನಗಳಲ್ಲಿ ಶಿಲುಬೆ ಹಿಡಿದು ಸೈನಿಕರ ಜೊತೆ ನಿಂತು ಗಾಯಗೊಂಡನು. 1813ರಲ್ಲಿ ಅವನಿಗೆ ಸಂತ ಜಾರ್ಜ್ ಪದಕದ ನಾಲ್ಕನೆಯ ದರ್ಜೆ ಸಂದಿತು. ಯೋಧರಿಗೆ ಮೀಸಲಾಗಿದ್ದ ಆ ಗೌರವವನ್ನು ಪಡೆದ ಮೊದಲ ಪಾದ್ರಿ ಅವನು.

ವಸಿಲ್ಕೋವ್, 1825

ಪ್ರಮಾಣದ ಹೊಣೆ ಪಾದ್ರಿಯನ್ನು ಎಂಥ ಇಕ್ಕಟ್ಟಿಗೆ ತಳ್ಳಬಲ್ಲುದು ಎಂಬುದು ಹದಿಮೂರು ವರ್ಷಗಳಲ್ಲಿ ಗೊತ್ತಾಯಿತು. 1825ರ ನವೆಂಬರಿನಲ್ಲಿ ಅಲೆಕ್ಸಾಂಡರ್ ಚಕ್ರವರ್ತಿ ಮಕ್ಕಳಿಲ್ಲದೆ ತೀರಿಕೊಂಡಾಗ ಸೇನೆ ಅವನ ತಮ್ಮ ಕಾನ್‌ಸ್ಟಾಂಟಿನ್ ಹೆಸರಿನಲ್ಲಿ ಪ್ರಮಾಣ ಮಾಡಿತು. ಕಾನ್‌ಸ್ಟಾಂಟಿನ್ ಸಿಂಹಾಸನದ ಹಕ್ಕನ್ನು ಮೊದಲೇ ಗುಟ್ಟಾಗಿ ಬಿಟ್ಟುಕೊಟ್ಟಿದ್ದನು. ಕೆಲವೇ ವಾರಗಳಲ್ಲಿ ಅದೇ ಸೈನಿಕರು ಅದೇ ಶಿಲುಬೆಯ ಎದುರು ಇನ್ನೊಬ್ಬ ತಮ್ಮನಾದ ನಿಕೊಲಸ್ ಹೆಸರಿನಲ್ಲಿ ಮತ್ತೊಮ್ಮೆ ಪ್ರಮಾಣ ಮಾಡಬೇಕಾಯಿತು. ಡಿಸೆಂಬ್ರಿಸ್ಟರೆಂದು ಮುಂದೆ ಹೆಸರಾದ ಅಧಿಕಾರಿಗಳು ಬಂಡೇಳಲು ಆರಿಸಿಕೊಂಡದ್ದು ಈ ಎರಡು ಪ್ರಮಾಣಗಳ ನಡುವಿನ ಸಂದಿಯನ್ನೇ.

ಕೀವ್ ನಗರದ ದಕ್ಷಿಣಕ್ಕಿರುವ ವಸಿಲ್ಕೋವಿನಲ್ಲಿ ಚೆರ್ನಿಗೋವ್ ರೆಜಿಮೆಂಟ್ ಡಿಸೆಂಬರ್ 31ರಂದು ಸೆರ್ಗೇ ಮುರಾವ್ಯೋವ್-ಅಪೊಸ್ತೊಲ್ ನೇತೃತ್ವದಲ್ಲಿ ಸಾಲುಗಟ್ಟಿ ನಿಂತಿತು. ರೆಜಿಮೆಂಟಿನ ಯುವ ಪಾದ್ರಿ ದನಿಯಿಲ್ ಕೈಜರ್ ಸೈನಿಕರೆದುರು ಪ್ರಾರ್ಥನೆ ನಡೆಸಿ, ಬಂಡಾಯದ ನಾಯಕರು ಪ್ರಶ್ನೋತ್ತರ ರೂಪದಲ್ಲಿ ಬರೆದಿದ್ದ ಧರ್ಮೋಪದೇಶವನ್ನು ಓದಿದನು. ದೇವರ ಹೊರತು ಬೇರೆ ರಾಜನಿಲ್ಲ, ದಬ್ಬಾಳಿಕೆಯ ದೊರೆಗೆ ಮಾಡಿದ ಪ್ರಮಾಣಕ್ಕೆ ಬೆಲೆಯಿಲ್ಲ ಎಂಬುದು ಅದರ ತಿರುಳು. ಮೂರು ದಿನಗಳಲ್ಲಿ ಬಂಡಾಯವನ್ನು ಫಿರಂಗಿಗಳಿಂದ ಅಡಗಿಸಲಾಯಿತು, ಕೈಜರನ ಗುರುಪಟ್ಟವನ್ನು ಕಿತ್ತುಕೊಂಡು ಶಿಕ್ಷಿಸಲಾಯಿತು.

ಹಣದ ಆಸೆಗೆ ಓದಿದನೋ, ನಂಬಿ ಓದಿದನೋ, ಹೆದರಿ ಓದಿದನೋ ಎಂದು ಕೈಜರನ ಬಗ್ಗೆ ಚರ್ಚೆ ನಡೆದಿದೆ. ನನಗೆ ಮುಖ್ಯವಾಗಿ ಕಾಣುವುದು ಬಂಡಾಯಗಾರರ ಲೆಕ್ಕಾಚಾರ. ವಿದ್ಯಾವಂತ ಅಧಿಕಾರಿಗಳಿಗೆ ಸಂವಿಧಾನದ ಮಾತು ಸಾಕಿತ್ತು. ಸೈನಿಕರ ಪ್ರಮಾಣವನ್ನು ಸಡಿಲಿಸಲು ಮಾತ್ರ ಅದನ್ನು ಕಟ್ಟಿದವನ ಬಾಯೇ ಬೇಕಿತ್ತು. ಪಾದ್ರಿ ಯಾರ ಕಡೆ ಇದ್ದಾನೋ ಆ ಕಡೆ ದೇವರಿದ್ದಾನೆ ಎಂದು ಸೈನಿಕನಿಗೆ ಕಲಿಸಿದ್ದ ರಾಜ್ಯ, ಆ ಪಾಠವನ್ನು ಇನ್ನೊಬ್ಬರೂ ಬಳಸಬಲ್ಲರೆಂದು ಅಲ್ಲಿ ಕಂಡುಕೊಂಡಿತು. ಅದರಿಂದ ಕಲಿತದ್ದು ಮಾತ್ರ ಪಾದ್ರಿಯ ಮೇಲಿನ ಹಿಡಿತವನ್ನು ಇನ್ನಷ್ಟು ಬಿಗಿಮಾಡಬೇಕು ಎಂಬುದನ್ನು.

1890ರ ನಿಯಮಾವಳಿ

ಹತ್ತೊಂಬತ್ತನೆಯ ಶತಮಾನದ ನಡುವಿನ ದಶಕಗಳಲ್ಲಿ ಮುಖ್ಯ ಪಾದ್ರಿಯ ಹುದ್ದೆ ಹಲವು ಬಾರಿ ಒಡೆದು, ಕೂಡಿ, ಹೆಸರು ಬದಲಿಸಿಕೊಂಡಿತು. ಅದರ ವಿವರ ಇಲ್ಲಿ ಬೇಕಿಲ್ಲ. 1890ರ ಜೂನ್ 12ರ ನಿಯಮಾವಳಿ ಅದಕ್ಕೆ ಕೊನೆಯ ರೂಪ ಕೊಟ್ಟಿತು. ಭೂಸೇನೆ ಮತ್ತು ನೌಕಾಸೇನೆಯ ಪಾದ್ರಿವರ್ಗಕ್ಕೆ ಇನ್ನು ಒಬ್ಬನೇ ಮುಖ್ಯಸ್ಥ. ಅವನ ಪದವಿ ಪ್ರೊಟೊಪ್ರೆಸ್ಬಿಟರ್. ಮೊದಲು ಆ ಸ್ಥಾನಕ್ಕೆ ಬಂದ ಅಲೆಕ್ಸಾಂಡರ್ ಝೆಲೊಬೋವ್ಸ್ಕಿ 1910ರಲ್ಲಿ ಸಾಯುವವರೆಗೆ ಅದನ್ನು ನಿರ್ವಹಿಸಿದನು. ಪ್ರೊಟೊಪ್ರೆಸ್ಬಿಟರನಿಗೆ ಚರ್ಚಿನಲ್ಲಿ ಆರ್ಚ್‌ಬಿಷಪ್ಪನಿಗೂ ಸೇನೆಯಲ್ಲಿ ಲೆಫ್ಟಿನೆಂಟ್ ಜನರಲ್‌ಗೂ ಸಮನಾದ ಸ್ಥಾನ. ರೆಜಿಮೆಂಟಿನ ಪಾದ್ರಿಯನ್ನು ಸಂಬಳ ಸವಲತ್ತುಗಳಲ್ಲಿ ಕ್ಯಾಪ್ಟನ್ ದರ್ಜೆಗೆ ಹೋಲಿಸಲಾಯಿತು. ಹೆಗಲಪಟ್ಟಿ ಇಲ್ಲದಿದ್ದರೂ ಸೈನಿಕನ ಕಣ್ಣಿಗೆ ಅವನು ಅಧಿಕಾರಿಗಳ ಸಾಲಿನವನೇ.

ಆ ವರ್ಷವೇ ಪಾದ್ರಿಗಳಿಗಾಗಿ ಪತ್ರಿಕೆಯೊಂದು ಹೊರಬರತೊಡಗಿತು. 1901ರಲ್ಲಿ ರೆಜಿಮೆಂಟ್ ಇಗರ್ಜಿಗಳಿಗೆ ವಾಸ್ತುಶಿಲ್ಪಿ ಫ್ಯೋದರ್ ವೆರ್ಝ್‌ಬಿತ್ಸ್ಕಿ ರಚಿಸಿದ, ಸುಮಾರು 900 ಜನ ಹಿಡಿಯುವ ಮಾದರಿ ನಕ್ಷೆಯನ್ನು ಅಂಗೀಕರಿಸಲಾಯಿತು. ಅದಕ್ಕೆ ಅನುಸಾರವಾಗಿ ಕಟ್ಟಿದ ಕೆಂಪು ಇಟ್ಟಿಗೆಯ ಇಗರ್ಜಿಗಳು ಪೋಲೆಂಡ್ ಗಡಿಯಿಂದ ಸೈಬೀರಿಯಾದವರೆಗೆ ತಲೆಯೆತ್ತಿದವು. ಗೋಡೆಗಳ ಮೇಲೆ ರೆಜಿಮೆಂಟಿನಲ್ಲಿ ಮಡಿದವರ ಹೆಸರುಗಳು, ಒಳಗೆ ಹಳೆಯ ಧ್ವಜಗಳು, ವರ್ಷಕ್ಕೊಮ್ಮೆ ರೆಜಿಮೆಂಟಿನ ಪೋಷಕ ಸಂತನ ಹಬ್ಬ. ಓದು ಬರಹ ಬಾರದ ರೈತರ ಮಕ್ಕಳಿಗೆ ಪಾದ್ರಿ ಪ್ರಾರ್ಥನೆಗಳನ್ನು ಕಲಿಸುತ್ತಿದ್ದ, ಪೂಜೆಯ ಹೊರಗಿನ ಹೊತ್ತಿನಲ್ಲಿ ಕುಡಿತದ ಕೇಡಿನ ಬಗ್ಗೆ, ಸಂತರ ಕಥೆಗಳ ಬಗ್ಗೆ ಮಾತಾಡುತ್ತಿದ್ದ, ಆಸ್ಪತ್ರೆಯ ಹಾಸಿಗೆಗಳ ನಡುವೆ ಓಡಾಡುತ್ತಿದ್ದ. ಮನೆಯಿಂದ ಸಾವಿರಾರು ಮೈಲಿ ದೂರದ ಪಾಳೆಯದಲ್ಲಿ ಊರಿನ ಇಗರ್ಜಿಯ ಅದೇ ಹಾಡು, ಅದೇ ಮೇಣದ ವಾಸನೆ ಸಿಗುವುದು ಆ ಸೈನಿಕನಿಗೆ ಏನಾಗಿತ್ತೆಂಬುದನ್ನು ಹಗುರಾಗಿ ಕಾಣಬಾರದು.

ಆದರೆ ಇದರ ಮತ್ತೊಂದು ಮುಖವೂ ಇತ್ತು. ಆರ್ಥೊಡಾಕ್ಸ್ ಸೈನಿಕರೆಲ್ಲ ವರ್ಷಕ್ಕೊಮ್ಮೆಯಾದರೂ, ಸಾಮಾನ್ಯವಾಗಿ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ, ಪಾಪನಿವೇದನೆ ಮಾಡಿ ಪರಮಪ್ರಸಾದ ಸ್ವೀಕರಿಸುವುದು ಕಡ್ಡಾಯವಾಗಿತ್ತು. ಕಂಪನಿಗಳನ್ನು ಸಾಲಾಗಿ ಇಗರ್ಜಿಗೆ ನಡೆಸಿಕೊಂಡು ಬರಲಾಗುತ್ತಿತ್ತು. ದಾಖಲೆ ಪುಸ್ತಕದಲ್ಲಿ ಎಲ್ಲರ ಹೆಸರೂ ಇರುತ್ತಿತ್ತು. ಹಾಗೆ ಬಂದವರಲ್ಲಿ ಎಷ್ಟು ಮಂದಿ ಭಕ್ತಿಯಿಂದ ಬಂದರು, ಎಷ್ಟು ಮಂದಿ ಹವಾಲ್ದಾರನ ಅಂಜಿಕೆಯಿಂದ ಬಂದರು ಎಂಬುದನ್ನು ಆ ಪುಸ್ತಕ ಹೇಳಲಾರದು. ಪಾದ್ರಿಗೂ ಅದನ್ನು ತಿಳಿಯುವ ದಾರಿ ಇರಲಿಲ್ಲ.

ಶಿಲುಬೆ ಹಿಡಿದು ಮುಂದೆ ನಡೆದವನು, ಠಾಣೆಯಲ್ಲಿ ಉಳಿದವನು

ರುಸ್ಸೋ-ಜಪಾನ್ ಯುದ್ಧದಲ್ಲಿ, 1904ರ ಏಪ್ರಿಲ್ 18ರಂದು, ಯಾಲೂ ನದಿಯ ದಂಡೆಯ ತ್ಯುರೆನ್‌ಚೆನ್ ಬಳಿ 11ನೆಯ ಪೂರ್ವ ಸೈಬೀರಿಯನ್ ರೈಫಲ್ ರೆಜಿಮೆಂಟ್ ಜಪಾನೀಯರ ಸುತ್ತುವರಿಕೆಗೆ ಸಿಕ್ಕಿ, ವಾದ್ಯವೃಂದದ ಸದ್ದಿನ ನಡುವೆ ಬಯೊನೆಟ್ ಹಿಡಿದು ಹಾದಿ ಮಾಡಿಕೊಂಡಿತು. ಅವರ ಮುಂದೆ ಶಿಲುಬೆ ಎತ್ತಿ ನಡೆದ ಪಾದ್ರಿ ಸ್ತೆಫಾನ್ ಶ್ಚೆರ್ಬಕೋವ್ಸ್ಕಿ ಎರಡು ಗಾಯ ತಿಂದು ಬಿದ್ದರೂ ಬದುಕಿ ಉಳಿದನು. ಅವನಿಗೂ ಸಂತ ಜಾರ್ಜ್ ಪದಕ ಬಂತು. ಅವನ ಚಿತ್ರ ಅಗ್ಗದ ಬಣ್ಣದ ಹಾಳೆಗಳಲ್ಲಿ ಅಚ್ಚಾಗಿ ದೇಶದ ಹಳ್ಳಿಹಳ್ಳಿಗೆ ಹೋಯಿತು. ಅವನ ಧೈರ್ಯವನ್ನು ಅಲ್ಲಗಳೆಯಲು ಯಾರಿಂದಲೂ ಸಾಧ್ಯವಿಲ್ಲ. ಆದರೆ ಪಾದ್ರಿ ಎಂದರೆ ದಾಳಿಯ ಮುಂದೆ ನಡೆಯುವವನು ಎಂಬ ಚಿತ್ರ ಜನರ ಮನಸ್ಸಿನಲ್ಲಿ ನೆಟ್ಟಮೇಲೆ, ಸೈನಿಕನನ್ನು ದಾಳಿಗೆ ಹೊರಡಿಸುವುದೇ ಅವನ ಕೆಲಸ ಎಂಬ ಭಾವನೆಗೂ ಅದು ದಾರಿಮಾಡಿತು ಎಂದು ನನ್ನ ಅಭಿಪ್ರಾಯ.

ಅದೇ ಯುದ್ಧದಲ್ಲಿ 33ನೆಯ ಪೂರ್ವ ಸೈಬೀರಿಯನ್ ರೈಫಲ್ ರೆಜಿಮೆಂಟಿನ ಪಾದ್ರಿಯಾಗಿದ್ದವನು ಗೆಯೊರ್ಗಿ ಶವೆಲ್ಸ್ಕಿ. ವಿತೆಬ್ಸ್ಕ್ ಪ್ರಾಂತ್ಯದಲ್ಲಿ 1871ರಲ್ಲಿ ಹಳ್ಳಿಯ ಇಗರ್ಜಿಯ ಬಡ ಪರಿಚಾರಕನ ಮಗನಾಗಿ ಹುಟ್ಟಿದ ಅವನು, ಮಂಚೂರಿಯಾದ ಮೊದಲನೆಯ ಸೇನೆಯ ಮುಖ್ಯ ಪಾದ್ರಿಯಾಗಿ ಯುದ್ಧ ಮುಗಿಸಿ, 1911ರಲ್ಲಿ ಪ್ರೊಟೊಪ್ರೆಸ್ಬಿಟರ್ ಆದನು. ಸೋತ ಯುದ್ಧವೊಂದನ್ನು ಒಳಗಿನಿಂದ ಕಂಡಿದ್ದ ಶವೆಲ್ಸ್ಕಿ, ಯುದ್ಧದ ಹೊತ್ತಿನಲ್ಲಿ ಪಾದ್ರಿ ಎಲ್ಲಿರಬೇಕು, ಏನು ಮಾಡಬೇಕು ಎಂಬುದಕ್ಕೆ ಖಚಿತವಾದ ಸೂಚನೆ ಇಲ್ಲದಿರುವುದನ್ನು ದೊಡ್ಡ ಕೊರತೆಯೆಂದು ಬಗೆದನು. ಆ ತನಕ ಅದು ಪಾದ್ರಿಯ ಮನೋಧರ್ಮಕ್ಕೆ ಬಿಟ್ಟ ವಿಷಯವಾಗಿತ್ತು. ಒಬ್ಬನು ಕಂದಕದಲ್ಲಿರುತ್ತಿದ್ದ, ಇನ್ನೊಬ್ಬನು ಸಾಮಾನು ಬಂಡಿಗಳ ಜೊತೆ ಹಿಂದೆ ಉಳಿಯುತ್ತಿದ್ದ.

1914ರ ಜುಲೈ 1ರಿಂದ 11ರವರೆಗೆ ಸೇನಾ ಪಾದ್ರಿಗಳ ಮೊದಲ ಸಮ್ಮೇಳನ ಪೀಟರ್ಸ್‌ಬರ್ಗಿನಲ್ಲಿ ನಡೆಯಿತು. ಎಲ್ಲ ಸೇನಾ ವಲಯಗಳಿಂದಲೂ ನೌಕಾಪಡೆಗಳಿಂದಲೂ ಪ್ರತಿನಿಧಿಗಳು ಬಂದಿದ್ದರು. ಅಲ್ಲಿ ಚರ್ಚಿಸಿ ಒಪ್ಪಿದ ಸೂಚನೆಗಳೇ ಈ ಪ್ರಕರಣದ ಹೃದಯ ಎಂದು ನಾನು ಭಾವಿಸುತ್ತೇನೆ. ಕದನದ ಹೊತ್ತಿನಲ್ಲಿ ಪಾದ್ರಿಯ ಜಾಗ, ಗಾಯಾಳುಗಳಿಗೆ ಮೊದಲು ಪಟ್ಟಿ ಕಟ್ಟುವ ಮುಂಚೂಣಿಯ ಠಾಣೆ. ಅವನು ಅಲ್ಲಿ ಸಾಯುವವರಿಗೆ ಸಂಸ್ಕಾರ ಕೊಟ್ಟು ಸುಮ್ಮನೆ ಕೂರುವಂತಿಲ್ಲ, ವೈದ್ಯನ ಜೊತೆ ಸೇರಿ ಪಟ್ಟಿ ಕಟ್ಟಬೇಕು. ಗಾಯಾಳುಗಳನ್ನೂ ಹೆಣಗಳನ್ನೂ ರಣರಂಗದಿಂದ ತರುವ ಕೆಲಸದ ಮೇಲ್ವಿಚಾರಣೆ ನೋಡಬೇಕು. ಸತ್ತವನ ಮನೆಗೆ ಸುದ್ದಿ ಬರೆಯಬೇಕು. ಮಡಿದವರ ಮತ್ತು ಅಂಗವಿಕಲರಾದವರ ಕುಟುಂಬಗಳಿಗೆ ನೆರವಾಗಲು ಪ್ರತಿ ತುಕಡಿಯಲ್ಲೂ ಸಂಘ ಕಟ್ಟಬೇಕು. ಸಮಾಧಿಗಳನ್ನು ಅಚ್ಚುಕಟ್ಟಾಗಿಡಬೇಕು, ಸಂಚಾರಿ ಗ್ರಂಥಾಲಯ ನಡೆಸಬೇಕು. ಸಮ್ಮೇಳನ ಮುಗಿದ ಎಂಟೇ ದಿನಕ್ಕೆ, ಜುಲೈ 19ರಂದು, ಜರ್ಮನಿ ರಷ್ಯಾದ ಮೇಲೆ ಯುದ್ಧ ಸಾರಿತು.

ಶಾಂತಿಕಾಲದಲ್ಲಿ ಸುಮಾರು 730 ಇದ್ದ ಪಾದ್ರಿಗಳ ಸಂಖ್ಯೆ ಯುದ್ಧದಲ್ಲಿ ಐದು ಸಾವಿರ ದಾಟಿತು. ಹೆಚ್ಚುವರಿ ಜನ ಬಂದದ್ದು ಧರ್ಮಪ್ರಾಂತ್ಯಗಳಿಂದ ಮತ್ತು ಮಠಗಳಿಂದ. ಪಾಳೆಯದ ಬದುಕನ್ನೇ ಕಾಣದ ಹಳ್ಳಿಯ ಗುರುಗಳು ಒಮ್ಮೆಲೇ ಫಿರಂಗಿಗಳ ನಡುವೆ ಬಂದು ನಿಂತರು. ಯುದ್ಧದಲ್ಲಿ 30ಕ್ಕೂ ಹೆಚ್ಚು ಪಾದ್ರಿಗಳು ಕೊಲ್ಲಲ್ಪಟ್ಟರು ಅಥವಾ ಗಾಯಗಳಿಂದ ಸತ್ತರು, 400ಕ್ಕೂ ಹೆಚ್ಚು ಮಂದಿ ಗಾಯಗೊಂಡರು ಅಥವಾ ಸಿಡಿಗುಂಡಿನ ಆಘಾತಕ್ಕೆ ಒಳಗಾದರು, 100ಕ್ಕೂ ಹೆಚ್ಚು ಮಂದಿ ಸೆರೆಸಿಕ್ಕರು.  ಹೊಸ ಸೂಚನೆ ಬರೀ ಕಾಗದದ ಮೇಲೆ ಉಳಿಯಲಿಲ್ಲ ಎಂಬುದಕ್ಕೆ ಈ ಅಂಕಿಗಳೂ ಒಂದು ಸಾಕ್ಷಿ.

ಮಡಿದವರ ಪೈಕಿ ಒಬ್ಬನ ಹೆಸರನ್ನಾದರೂ ಇಲ್ಲಿ ಹೇಳಲೇಬೇಕು. 1914ರ ಅಕ್ಟೋಬರ್ 16ರಂದು ಕಪ್ಪು ಸಮುದ್ರದಲ್ಲಿ, ಸೆವಸ್ತೊಪೊಲ್ ಸಮೀಪ, ಗೋಬೆನ್ ಎಂಬ ಶತ್ರು ಯುದ್ಧನೌಕೆಗೆ ಎದುರಾಗಿ ಸಿಕ್ಕ ಮೈನ್ ಹಾಕುವ ನೌಕೆ ಪ್ರೂತ್ ಮುಳುಗತೊಡಗಿತು. ಹಡಗಿನ ಪಾದ್ರಿ, ಸನ್ಯಾಸಿ ಯಾಜಕ ಆಂಟನಿ ಸ್ಮಿರ್ನೋವ್, ದೋಣಿಯಲ್ಲಿ ತನಗಿದ್ದ ಜಾಗವನ್ನು ಬೇಡವೆಂದು, ನೀರಿಗಿಳಿದ ನಾವಿಕರನ್ನು ಹಡಗಿನ ಮೇಲಿಂದ ಆಶೀರ್ವದಿಸುತ್ತ ಅದರೊಡನೆಯೇ ಮುಳುಗಿದನು. ಅವನ ಕೈಯಲ್ಲಿದ್ದದ್ದೂ ಶ್ಚೆರ್ಬಕೋವ್ಸ್ಕಿಯ ಕೈಯಲ್ಲಿದ್ದಂಥ ಶಿಲುಬೆಯೇ. ಆದರೆ ಅವನು ಯಾರನ್ನೂ ಯಾವ ದಾಳಿಗೂ ಹೊರಡಿಸುತ್ತಿರಲಿಲ್ಲ. ಬದುಕಲು ಹೊರಟವರನ್ನು ಹರಸುತ್ತಿದ್ದನು.

1917

ಮಾರ್ಚ್ 2ರಂದು ಎರಡನೆಯ ನಿಕೊಲಸ್ ಚಕ್ರವರ್ತಿ ಪ್ಸ್ಕೋವಿನಲ್ಲಿ ಪದತ್ಯಾಗ ಮಾಡಿದನು. ಮಾರ್ಚ್ 9ರಂದು ಸಿನೋಡ್ ಮಧ್ಯಂತರ ಸರ್ಕಾರವನ್ನು ಬೆಂಬಲಿಸುವಂತೆ ಜನರಿಗೆ ಕರೆಕೊಟ್ಟಿತು, ಹೊಸ ಪ್ರಮಾಣಕ್ಕೂ ಒಪ್ಪಿಗೆ ಕೊಟ್ಟಿತು. ಅಭಿಷಿಕ್ತನಾದ ದೊರೆಗೆ ಕೊನೆಯ ತೊಟ್ಟು ರಕ್ತದವರೆಗೂ ನಿಷ್ಠನಾಗಿರುವೆನೆಂದು ತಮ್ಮ ಬಾಯಲ್ಲಿ ಹೇಳಿಸಿದ್ದ ಅದೇ ಪಾದ್ರಿ, ಅದೇ ಶಿಲುಬೆ ಹಿಡಿದು, ಈಗ ಮಂತ್ರಿಗಳ ಸಮಿತಿಯೊಂದರ ಹೆಸರಿನಲ್ಲಿ ಪ್ರಮಾಣ ಮಾಡಿಸುವುದನ್ನು ಲಕ್ಷಾಂತರ ಸೈನಿಕರು ಕೆಲವೇ ದಿನಗಳಲ್ಲಿ ಕಂಡರು. ಪಾದ್ರಿಗೆ ಬೇರೆ ದಾರಿ ಇತ್ತೇ? ಪ್ರಮಾಣ ಮಾಡಿಸಲು ಒಪ್ಪದಿದ್ದರೆ ಹೊಸ ಸರ್ಕಾರಕ್ಕೂ ಸಿನೋಡಿಗೂ ಎದುರಾಗಬೇಕಿತ್ತು. ಒಪ್ಪಿದರೆ ಹಿಂದೆ ತಾನೇ ದೇವರ ಹೆಸರಿನಲ್ಲಿ ಕಟ್ಟಿದ ಗಂಟನ್ನು ತಾನೇ ಬಿಚ್ಚಬೇಕಿತ್ತು. ವಸಿಲ್ಕೋವಿನಲ್ಲಿ ಒಂದು ರೆಜಿಮೆಂಟಿಗೆ ಬಂದಿದ್ದ ಸಂಕಟ ಈಗ ಇಡೀ ಸೇನೆಗೆ ಬಂದಿತ್ತು. ಈ ಸಲ ಪ್ರಮಾಣ ಬದಲಿಸಲು ಹೇಳಿದ್ದು ಚರ್ಚಿನ ಅತ್ಯುನ್ನತ ಮಂಡಲಿಯೇ.

ಕಡ್ಡಾಯವೂ ಹೋಯಿತು. ಪೂಜೆಗೆ ಬರುವುದು, ಪಾಪನಿವೇದನೆ ಮಾಡುವುದು ಸೈನಿಕನ ಇಚ್ಛೆಗೆ ಬಿಟ್ಟ ವಿಷಯವಾದ ಮೇಲೆ, 1916ರಲ್ಲಿ ಹೆಚ್ಚುಕಡಿಮೆ ಎಲ್ಲರೂ ಸ್ವೀಕರಿಸಿದ್ದ ಪರಮಪ್ರಸಾದವನ್ನು 1917ರಲ್ಲಿ ನೂರಕ್ಕೆ ಹತ್ತು ಮಂದಿಯೂ ಸ್ವೀಕರಿಸಲಿಲ್ಲ ಎಂಬ ಅಂಕಿ ಈ ಕಾಲದ ಬಗೆಗಿನ ಬರಹಗಳಲ್ಲಿ ಪದೇ ಪದೇ ಕಾಣುತ್ತದೆ. ಇದನ್ನು ಒಂದೇ ವರ್ಷದಲ್ಲಿ ಸೈನ್ಯ ದೇವರನ್ನು ಬಿಟ್ಟಿತು ಎಂಬುದಕ್ಕೆ ಪುರಾವೆಯಾಗಿ ಬಳಸುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. 1916ರ ಅಂಕಿ ಆಜ್ಞೆಯ ಅಂಕಿ. ಅದರಲ್ಲಿ ಭಕ್ತಿಯ ಪಾಲು ಎಷ್ಟಿತ್ತೆಂದು ತಿಳಿಯದೆ ಇಳಿಕೆಯನ್ನು ಅಳೆಯುವಂತಿಲ್ಲ. ಇಷ್ಟಂತೂ ನಿಜ: ಇಷ್ಟವಿಲ್ಲದವನನ್ನು ವರ್ಷ ವರ್ಷವೂ ಪೀಠದ ಮುಂದೆ ನಿಲ್ಲಿಸಿದ್ದರ ಕಹಿ, ಬಾಗಿಲು ತೆರೆದ ಕ್ಷಣ ಹೊರಬಂದಿತು. ಇಷ್ಟಪಟ್ಟು ಬರುತ್ತಿದ್ದವನೂ ಆ ಗದ್ದಲದಲ್ಲಿ ದೂರ ಸರಿದಿರಬಹುದು.

ಅಧಿಕಾರಿಗಳ ಮೇಲಿನ ಸಿಟ್ಟಿನಲ್ಲಿ ಪಾದ್ರಿಗೂ ಪಾಲು ಬಂತು. ಸೈನಿಕರ ಸಮಿತಿಗಳು ಕೆಲವೆಡೆ ಪಾದ್ರಿಯನ್ನು ಹೊರಹಾಕಿದವು. ಕೆಲವೆಡೆ ತಮ್ಮ ಪ್ರತಿನಿಧಿಯಾಗಿ ಆರಿಸಿದ್ದೂ ಉಂಟು. 1917ರ ಜುಲೈನಲ್ಲಿ ಮೊಗಿಲ್ಯೋವಿನಲ್ಲಿ ಸೇರಿದ ಎರಡನೆಯ ಸಮ್ಮೇಳನದಲ್ಲಿ ಪಾದ್ರಿಗಳು ತಮ್ಮ ಮುಖ್ಯಸ್ಥನನ್ನು ತಾವೇ ಚುನಾಯಿಸುವ ನಿರ್ಧಾರ ಮಾಡಿ ಶವೆಲ್ಸ್ಕಿಯನ್ನೇ ಮತ್ತೆ ಆರಿಸಿದರು. ಚಕ್ರವರ್ತಿಯ ಕೃಪೆಯಲ್ಲಿ ನಿಂತಿದ್ದ ಹುದ್ದೆಗೆ ಪಾದ್ರಿಗಳ ಒಪ್ಪಿಗೆಯ ಆಸರೆ ಸಿಕ್ಕಿದ್ದು 117 ವರ್ಷಗಳಲ್ಲಿ ಅದೇ ಮೊದಲು. ಆ ಹೊತ್ತಿಗೆ ಮುಂಚೂಣಿಯೇ ಕರಗುತ್ತಿತ್ತು.

ಶವೆಲ್ಸ್ಕಿಯ ವಿಚಾರದಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಅವನು ದರ್ಬಾರಿನ ಹೊಗಳುಭಟ್ಟನಾಗಿರಲಿಲ್ಲ. ಯುದ್ಧದುದ್ದಕ್ಕೂ ಪ್ರಧಾನ ಸೇನಾ ಕಾರ್ಯಾಲಯದಲ್ಲಿದ್ದ ಅವನು, ರಾಜಮನೆತನದ ಮೇಲೆ ಪ್ರಭಾವ ಬೀರಿದ್ದ ರಸ್ಪೂತಿನ್‌ನಿಂದ ರಾಜ್ಯಕ್ಕೂ ಸೇನೆಗೂ ಆಗುತ್ತಿರುವ ಕೆಡುಕನ್ನು ಚಕ್ರವರ್ತಿಯ ಎದುರೇ ಹೇಳಿದವನು. ಸಿಂಹಾಸನದ ಹತ್ತಿರವಿರುವುದರಿಂದ ಸತ್ಯ ಹೇಳುವ ಅವಕಾಶ ಸಿಗುತ್ತದೆ ಎಂಬ ವಾದಕ್ಕೆ ಅವನಿಗಿಂತ ಒಳ್ಳೆಯ ಉದಾಹರಣೆ ಸಿಗದು. ಚಕ್ರವರ್ತಿ ಕೇಳಿಸಿಕೊಂಡನು, ಏನೂ ಬದಲಾಗಲಿಲ್ಲ. ಕಂದಕದಲ್ಲಿದ್ದ ಸೈನಿಕನಿಗಂತೂ ಈ ಮಾತುಕತೆ ತಿಳಿಯುವ ಸಂಭವವೇ ಇರಲಿಲ್ಲ; ಅವನು ಕಂಡದ್ದು ಅಧಿಕಾರಿಗಳ ಸಾಲಿನಲ್ಲಿ ನಿಂತ ಪಾದ್ರಿಯನ್ನು ಮಾತ್ರ.

ಆಮೇಲೆ

39ನೆಯ ಆದೇಶದಲ್ಲಿ ಹೆಚ್ಚು ಜನ ಗಮನಿಸದ ಒಂದು ಅಂಶವಿದೆ. ಸೈನಿಕರು ಬಯಸಿದರೆ ತುಕಡಿಯ ಸಮಿತಿ ತನ್ನ ಪಾದ್ರಿ, ಪಾಸ್ಟರ್, ರಬ್ಬಿ ಅಥವಾ ಮುಲ್ಲಾನನ್ನು ಉಳಿಸಿಕೊಳ್ಳಬಹುದು, ಸಂಬಳವನ್ನು ಸಮಿತಿಯೇ ಗೊತ್ತುಮಾಡಬೇಕು ಎಂದು ಅದು ಹೇಳಿತ್ತು. ಸೈನ್ಯವೇ ಚದುರುತ್ತಿದ್ದ ಆ ಚಳಿಗಾಲದಲ್ಲಿ ಈ ಅವಕಾಶಕ್ಕೆ ಬೆಲೆ ಕಡಿಮೆ ನಿಜ. ಆದರೂ ಪಾದ್ರಿಯನ್ನು ಉಳಿಸಿಕೊಳ್ಳುವಿರಾ ಎಂದು ರಷ್ಯಾದ ಸೈನಿಕನನ್ನು ಯಾರಾದರೂ ಕೇಳಿದ್ದರೆ ಅದು ಆಗಲೇ. ಅದಕ್ಕೆ ಮುಂಚಿನ ಎರಡು ಶತಮಾನಗಳಲ್ಲಿ ಆ ಪ್ರಶ್ನೆ ಏಳಲೇ ಇಲ್ಲ. ಮೊದಲಿನಿಂದಲೇ ಅದನ್ನು ಕೇಳಿದ್ದರೆ, ಪಟ್ಟಿ ಕಟ್ಟುವ ಠಾಣೆಯಲ್ಲಿ ದುಡಿದ ಪಾದ್ರಿಗೆ ಬರುತ್ತಿದ್ದ ಉತ್ತರವೇ ಬೇರೆಯಿರುತ್ತಿತ್ತು ಎಂದು ನಾನು ನಂಬುತ್ತೇನೆ.

ಅಂತರ್ಯುದ್ಧದಲ್ಲಿ ಶವೆಲ್ಸ್ಕಿ ಬೋಲ್ಶೆವಿಕರ ವಿರುದ್ಧ ಹೋರಾಡುತ್ತಿದ್ದ ಡೆನಿಕಿನ್ ಸೇನೆಯ ಪಾದ್ರಿವರ್ಗವನ್ನು ನಡೆಸಿದನು. ಡೆನಿಕಿನ್ ನಂತರ ಸೇನಾಪತಿಯಾದ ವ್ರಾಂಗೆಲ್ ಕಾಲಕ್ಕೆ ಆ ಹೊಣೆ ಬಿಷಪ್ ವೆನಿಯಮಿನ್ ಫೆದ್ಚೆಂಕೋವ್ ಕೈಗೆ ಹೋಯಿತು. ಶವೆಲ್ಸ್ಕಿ ಬಲ್ಗೇರಿಯಾಕ್ಕೆ ವಲಸೆ ಹೋಗಿ, ಅಲ್ಲಿ ಪಾಠ ಹೇಳಿ, 1951ರಲ್ಲಿ ಸೋಫಿಯಾದಲ್ಲಿ ತೀರಿಕೊಂಡನು. ಅವನ ನೆನಪುಗಳು 1954ರಲ್ಲಿ ನ್ಯೂಯಾರ್ಕಿನಲ್ಲಿ ಅಚ್ಚಾದವು. ಈ ವ್ಯವಸ್ಥೆಯನ್ನು ಒಳಗಿನಿಂದ ಅರಿಯಲು ಇಂದಿಗೂ ಅವೇ ಮುಖ್ಯ ಆಕರ.

ಸೋವಿಯತ್ ಒಕ್ಕೂಟ ಮುಗಿದ ಬಳಿಕ, 1994ರಲ್ಲಿ ಕುಲಪತಿ ಎರಡನೆಯ ಅಲೆಕ್ಸಿಯೂ ರಕ್ಷಣಾ ಮಂತ್ರಿ ಪಾವೆಲ್ ಗ್ರಾಚೋವ್ ಅವರೂ ಸಹಕಾರದ ಒಪ್ಪಂದಕ್ಕೆ ಸಹಿ ಹಾಕಿದರು. 2009ರ ಜುಲೈ 21ರಂದು ಅಧ್ಯಕ್ಷ ದ್ಮಿತ್ರಿ ಮೆದ್ವೆದೆವ್ ಸೇನಾ ಪಾದ್ರಿಗಳ ಕಾಯಂ ಹುದ್ದೆಗಳನ್ನು ಮತ್ತೆ ತರುವ ತೀರ್ಮಾನವನ್ನು ಪ್ರಕಟಿಸಿದರು. ಹೊಸ ಹುದ್ದೆಯ ಹೆಸರು ಆಸ್ತಿಕ ಸೈನಿಕರೊಂದಿಗಿನ ಕೆಲಸಕ್ಕಾಗಿ ಇರುವ ಕಮಾಂಡರನ ಸಹಾಯಕ ಎಂದು. ಅವನು ನಾಗರಿಕ ನೌಕರ, ಅವನಿಗೆ ಸೇನಾ ದರ್ಜೆಯಿಲ್ಲ. ಸೈನಿಕನ ಪ್ರಮಾಣ ಈಗ ಜಾತ್ಯತೀತವಾದದ್ದು, ಅದನ್ನು ಮಾಡಿಸುವ ಹೊಣೆ ಪಾದ್ರಿಯದಲ್ಲ; ಪಾಪನಿವೇದನೆಗೆ ಕಡ್ಡಾಯವೂ ಇಲ್ಲ. 1917ರಲ್ಲಿ ಪಾದ್ರಿಯನ್ನು ಕೆಡವಿದ ಕೆಲವು ಭಾರಗಳನ್ನು ಹೀಗೆ ಇಳಿಸಲಾಗಿದೆ. ಆದರೆ 2018ರಲ್ಲಿ, ಸೈನಿಕರ ರಾಜಕೀಯ ನಿಷ್ಠೆಯನ್ನು ನೋಡಿಕೊಳ್ಳುವ ಸೇನಾ-ರಾಜಕೀಯ ಮುಖ್ಯ ನಿರ್ದೇಶನಾಲಯವನ್ನು ಮರುಸ್ಥಾಪಿಸಿದಾಗ ಪಾದ್ರಿಗಳ ಕೆಲಸವನ್ನು ನೋಡಿಕೊಳ್ಳುವ ವಿಭಾಗವನ್ನೂ ಅದರೊಳಗೆ ಸೇರಿಸಲಾಯಿತು, 2022ರ ಸೆಪ್ಟೆಂಬರಿನಲ್ಲಿ ಕುಲಪತಿ ಕಿರಿಲ್ ಉಕ್ರೇನ್ ಯುದ್ಧದ ಹೊತ್ತಿನಲ್ಲಿ ಉಪದೇಶ ಮಾಡುತ್ತ, ಪ್ರಮಾಣಕ್ಕೆ ನಿಷ್ಠನಾಗಿ ಸೈನಿಕ ಕರ್ತವ್ಯದಲ್ಲಿ ಸಾಯುವವನ ಆ ಬಲಿದಾನ ಅವನ ಪಾಪಗಳನ್ನೆಲ್ಲ ತೊಳೆಯುತ್ತದೆ ಎಂದರು. ಪಾದ್ರಿ ಇನ್ನು ಮುಂದೆ ಪ್ರಮಾಣ ಮಾಡಿಸಬೇಕಿಲ್ಲದ ಸೇನೆಯಲ್ಲಿ, ಆ ಪ್ರಮಾಣಕ್ಕೆ ಮೋಕ್ಷದ ಬೆಲೆಯನ್ನು ಚರ್ಚಿನ ಮುಖ್ಯಸ್ಥರೇ ಕಟ್ಟಿದರು.